ದುಬೈನ ಅರಬ್ ಊಟೋಪಚಾರ: ವ್ಯಾಪಾರ ಪ್ರವಾಸಿಗರಿಗೆ ಒಂದು ಪರಿಚಯ

ಕರ್ನಾಟಕದ ವ್ಯಾಪಾರಿಗಳಿಗೂ ಸಣ್ಣ ತಯಾರಕರಿಗೂ ದುಬೈ ಇಂದು ದೂರದ ಊರಾಗಿ ಉಳಿದಿಲ್ಲ. 1987ರಲ್ಲಿ ಆರಂಭಗೊಂಡ ಗಲ್ಫುಡ್ ಆಹಾರೋದ್ಯಮ ಮೇಳಕ್ಕೆ ಭಾರತದ ಎಲ್ಲ ಭಾಗಗಳಿಂದಲೂ ಉದ್ಯಮಿಗಳು ತೆರಳುತ್ತಾರೆ. ಭಾರತ ಹಾಗೂ ಸಂಯುಕ್ತ ಅರಬ್ ಎಮಿರೇಟ್ಸ್ ನಡುವಿನ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು 2022ರ ಮೇ 1ರಂದು ಜಾರಿಗೆ ಬಂದ ನಂತರ ಅನೇಕ ಸರಕುಗಳಿಗೆ ಸುಂಕದ ರಿಯಾಯಿತಿ ದೊರೆತಿದೆ. ಇಂಥ ಪ್ರವಾಸಕ್ಕೆ ಹೊರಡುವವರು ಸರಕಿನ ಮಾದರಿ, ದರಪಟ್ಟಿ, ಬ್ಯಾಂಕಿನ ಪತ್ರ ಮೊದಲಾದವನ್ನು ಜಾಗರೂಕತೆಯಿಂದ ಸಿದ್ಧಪಡಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಎದುರಾಗುವ ಊಟೋಪಚಾರದ ವಿಷಯದಲ್ಲಿ ಯಾವ ಸಿದ್ಧತೆಯೂ ಇರುವುದಿಲ್ಲ.

ಇದು ಸಣ್ಣ ಲೋಪವಲ್ಲ. ಕೊಲ್ಲಿ ಪ್ರದೇಶದ ಅರಬ್ ಮನೆತನಗಳ ಸಂಸ್ಥೆಗಳಲ್ಲಿ ಅತಿಥಿಗೆ ಕಾಫಿ ಕೊಡುವುದು ವ್ಯವಹಾರದ ಬಿಡುವಿನಲ್ಲಿ ನಡೆಯುವ ಉಪಚಾರವಲ್ಲ; ಅದು ವ್ಯವಹಾರದ ಮೊದಲ ಹಂತ. ಬಂದವನು ಎಂಥವನು, ಅವನೊಡನೆ ದೀರ್ಘಕಾಲದ ಸಂಬಂಧ ಸಾಧ್ಯವೇ ಎಂಬುದನ್ನು ಆತಿಥೇಯರು ಆ ಹೊತ್ತಿನಲ್ಲಿ ಅಳೆಯುತ್ತಾರೆ. ಕುಳಿತ ಕೂಡಲೇ ದರದ ಮಾತೆತ್ತಿದವರು, ಮುಂದೆ ಹಿಡಿದ ಬಟ್ಟಲನ್ನು ಬೇಡವೆಂದು ಸರಿಸಿದವರು ತಮಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಬಿದ್ದಿರುತ್ತಾರೆ. ಆದ್ದರಿಂದ ಅಲ್ಲಿನ ಸಾಂಪ್ರದಾಯಿಕ ಆಹಾರ, ಪಾನೀಯ ಹಾಗೂ ಅವುಗಳಿಗೆ ಸಂಬಂಧಿಸಿದ ಮರ್ಯಾದೆಗಳ ಪರಿಚಯವು ವ್ಯಾಪಾರಿಗೆ ಅವಶ್ಯಕ.

ಒಂದೇ ಹೆಸರಿನಡಿ ಹಲವು ಅಡುಗೆಗಳು

ದುಬೈನಲ್ಲಿ ‘ಅರಬ್ ಊಟ’ ಎಂಬ ಫಲಕವಿರುವ ಹೋಟೆಲುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಹಮ್ಮುಸ್, ತಬ್ಬೂಲೆ, ಫಲಾಫೆಲ್, ಶವರ್ಮಾ ಮುಂತಾದವು ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆಯ ತಿನಿಸುಗಳು. ದೊಡ್ಡ ತಟ್ಟೆಯಲ್ಲಿ ಅನ್ನದ ಮೇಲೆ ಇಡಿಯ ಮಾಂಸವನ್ನಿಟ್ಟು ಬಡಿಸುವ ಮಂದಿ ಯೆಮೆನ್ ದೇಶದ ಹದ್ರಮೌತ್ ಪ್ರಾಂತ್ಯದ್ದು. ಈಚಿನ ವರ್ಷಗಳಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿಯೂ ಮಂದಿಯ ಹೋಟೆಲುಗಳು ತೆರೆದಿರುವುದರಿಂದ ಇದು ಕೆಲವರಿಗೆ ಪರಿಚಿತ. ಇವೆಲ್ಲವೂ ದುಬೈನಲ್ಲಿ ಧಾರಾಳವಾಗಿ ಸಿಗುತ್ತವೆಯಾದರೂ ಆ ನೆಲದ ಮೂಲ ಅಡುಗೆಗಳಲ್ಲ.

ಸ್ಥಳೀಯ ಎಮಿರಾತಿ ಅಡುಗೆಯು ಮರಳುಗಾಡಿನ ಖರ್ಜೂರ, ಒಂಟೆ ಮತ್ತು ಆಡಿನ ಹಾಲು, ಮಾಂಸ, ಕರಾವಳಿಯ ಮೀನು ಹಾಗೂ ಹಡಗುಗಳಲ್ಲಿ ಬಂದ ಅಕ್ಕಿ ಮತ್ತು ಸಾಂಬಾರ ಪದಾರ್ಥಗಳಿಂದ ರೂಪುಗೊಂಡದ್ದು. ಅಲ್ಲಿ ಭತ್ತ ಬೆಳೆಯುವುದಿಲ್ಲ, ಏಲಕ್ಕಿ, ಕಾಳುಮೆಣಸುಗಳೂ ಬೆಳೆಯುವುದಿಲ್ಲ. ಆದರೂ ಇವಿಲ್ಲದೆ ಅಲ್ಲಿನ ಹಬ್ಬದ ಊಟವಿಲ್ಲ. ಭಾರತದ ಪಶ್ಚಿಮ ಕರಾವಳಿಯೊಡನೆ ಆ ಪ್ರದೇಶಕ್ಕಿದ್ದ ಸಮುದ್ರ ವ್ಯಾಪಾರವೇ ಇದಕ್ಕೆ ಮುಖ್ಯ ಕಾರಣ. ದುಬೈನಲ್ಲಿ 1966ರವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಈ ಪ್ರದೇಶಕ್ಕಾಗಿಯೇ ಪ್ರತ್ಯೇಕ ‘ಗಲ್ಫ್ ರೂಪಾಯಿ’ ನೋಟುಗಳನ್ನು ಹೊರಡಿಸಿತ್ತು. ಈ ಹಿನ್ನೆಲೆಯನ್ನು ಅರಿತವರಿಗೆ ಅಲ್ಲಿನ ಊಟದ ತಟ್ಟೆ ಪೂರ್ಣ ಅಪರಿಚಿತವೆನಿಸದು.

ಗಹ್ವಾ: ಮಾತುಕತೆಯ ಮುನ್ನುಡಿ

ಅರಬ್ ಕಾಫಿಗೆ ಅಲ್ಲಿನವರು ‘ಗಹ್ವಾ’ ಎನ್ನುತ್ತಾರೆ. ಇದಕ್ಕೂ ನಮ್ಮ ಫಿಲ್ಟರ್ ಕಾಫಿಗೂ ಹೋಲಿಕೆ ಕಡಿಮೆ. ಬೀಜವನ್ನು ಹದವಾಗಿ, ತಿಳಿ ಬಣ್ಣ ಬರುವಷ್ಟು ಮಾತ್ರ ಹುರಿದು, ತರಿಯಾಗಿ ಪುಡಿಮಾಡಿ, ನೀರಿನಲ್ಲಿ ಕುದಿಸಿ, ಏಲಕ್ಕಿಯನ್ನೂ ಕೆಲವೊಮ್ಮೆ ಕೇಸರಿಯನ್ನೂ ಸೇರಿಸುತ್ತಾರೆ. ಹಾಲಾಗಲಿ ಸಕ್ಕರೆಯಾಗಲಿ ಇರುವುದಿಲ್ಲ. ಬಣ್ಣ ಹೊಂಬಣ್ಣಕ್ಕೆ ಸಮೀಪ. ರುಚಿಯಲ್ಲಿ ಏಲಕ್ಕಿಯದೇ ಮೇಲುಗೈ. ಈ ಕಾಫಿಯ ಕಹಿಗೆ ಜೊತೆಯಾಗಿ ಖರ್ಜೂರವನ್ನು ಇಡುತ್ತಾರೆ.

ಉದ್ದ ಕೊಕ್ಕಿನ ‘ದಲ್ಲಾ’ ಎಂಬ ಹೂಜಿಯಿಂದ ಹಿಡಿಯಿಲ್ಲದ ‘ಫಿಂಜಾನ್’ ಎಂಬ ಪುಟ್ಟ ಬಟ್ಟಲಿಗೆ ಗಹ್ವಾ ಸುರಿಯಲಾಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಂದು ದಿರ್ಹಮ್ ನಾಣ್ಯದ ಮೇಲಿರುವುದು ಇದೇ ದಲ್ಲಾದ ಚಿತ್ರ. ಅರಬ್ ಕಾಫಿಯ ಸಂಪ್ರದಾಯವನ್ನು ಯುನೆಸ್ಕೊ ಸಂಸ್ಥೆಯು 2015ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅತಿಥಿಗಳನ್ನು ಕೂಡಿಸುವ ‘ಮಜ್ಲಿಸ್’ ಎಂಬ ಚಾವಡಿಯೂ ಅದೇ ವರ್ಷ ಆ ಪಟ್ಟಿಗೆ ಸೇರಿತು.

ಗಹ್ವಾ ಸೇವನೆಯಲ್ಲಿ ಗಮನಿಸಬೇಕಾದ ಮರ್ಯಾದೆಗಳು ಹೀಗಿವೆ:

ಬಡಿಸುವವನು ದಲ್ಲಾವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಟ್ಟಲು ನೀಡುತ್ತಾನೆ. ಅತಿಥಿಯೂ ಬಲಗೈಯಿಂದಲೇ ಸ್ವೀಕರಿಸಬೇಕು.

ಬಟ್ಟಲಿನ ತಳಭಾಗದಲ್ಲಿ ಮಾತ್ರ ಕಾಫಿ ಇರುತ್ತದೆ. ಇದು ಜಿಪುಣತನವಲ್ಲ. ಸ್ವಲ್ಪ ಸುರಿದು ಮತ್ತೆ ಮತ್ತೆ ತುಂಬುವುದೇ ಗೌರವದ ಲಕ್ಷಣ. ಬಟ್ಟಲು ತುಂಬಿ ಕೊಟ್ಟರೆ ಬೇಗ ಕುಡಿದು ಹೊರಡು ಎಂಬ ಅರ್ಥ ಬರುತ್ತದೆ.

ಖಾಲಿ ಬಟ್ಟಲನ್ನು ಸುಮ್ಮನೆ ಹಿಂದಿರುಗಿಸಿದರೆ ಮತ್ತೆ ತುಂಬುತ್ತಾರೆ. ಸಾಕೆನಿಸಿದಾಗ ಬಟ್ಟಲನ್ನು ಬೆರಳುಗಳ ನಡುವೆ ಎರಡು ಮೂರು ಬಾರಿ ಅಲುಗಿಸಿ ಕೊಡಬೇಕು. ಮೂರು ಬಟ್ಟಲಿನವರೆಗೆ ಕುಡಿಯುವುದು ವಾಡಿಕೆ. ಕಾಫಿಯ ಅಭ್ಯಾಸವಿಲ್ಲದವರೂ ಮೊದಲ ಬಟ್ಟಲನ್ನು ಸ್ವೀಕರಿಸುವುದು ಲೇಸು.

ಹಳೆಯ ಪದ್ಧತಿಯಂತೆ ಅತಿಥಿಯು ಬಟ್ಟಲನ್ನು ಮುಟ್ಟದೆ ಮುಂದಿಟ್ಟುಕೊಂಡರೆ ಅವನಿಗೆ ಏನೋ ಕೋರಿಕೆಯಿದೆ ಎಂದು ಅರ್ಥ. ಆತಿಥೇಯನು ಅದನ್ನು ಕೇಳಿ, ನಡೆಸಿಕೊಡುವ ಮಾತು ಕೊಟ್ಟ ಬಳಿಕವೇ ಅತಿಥಿ ಕುಡಿಯುತ್ತಿದ್ದನು. ನಗರದ ಕಚೇರಿಗಳಲ್ಲಿ ಇಂದು ಈ ಕ್ರಮವನ್ನು ಯಾರೂ ಕಟ್ಟುನಿಟ್ಟಾಗಿ ನೋಡುವುದಿಲ್ಲ. ಆದರೂ ಹಿರಿಯರ ಮಜ್ಲಿಸ್‌ನಲ್ಲಿ ಕಾಫಿಯನ್ನು ಹಾಗೆಯೇ ಆರಲು ಬಿಡುವುದು ಉಚಿತವಲ್ಲ.

ಕಾಫಿಯ ವಿಷಯದಲ್ಲಿ ಕನ್ನಡಿಗರಿಗೆ ಹೇಳಿಕೊಳ್ಳುವ ಸಂಬಂಧವೊಂದಿದೆ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮೆನ್‌ನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವು ಮಜ್ಲಿಸ್‌ನಲ್ಲಿ ಮಾತಿಗೆ ಒಳ್ಳೆಯ ಆರಂಭವಾಗಬಲ್ಲದು.

ಖರ್ಜೂರ

ನಮ್ಮಲ್ಲಿ ಖರ್ಜೂರವೆಂದರೆ ಒಂದೇ ಬಗೆ ಎಂಬ ಭಾವನೆಯಿದೆ. ಅಲ್ಲಿ ಖಲಾಸ್, ಫರ್ದ್, ಲೂಲು, ಬರ್ಹಿ, ಖುನೈಜಿ ಮೊದಲಾದ ತಳಿಗಳನ್ನು ನಾವು ಮಾವಿನಲ್ಲಿ ರಸಪುರಿ, ಬಾದಾಮಿಗಳನ್ನು ಗುರುತಿಸುವಂತೆ ಗುರುತಿಸುತ್ತಾರೆ. ಮಾಗುವ ಹಂತಗಳಿಗೂ ಬೇರೆ ಬೇರೆ ಹೆಸರುಗಳಿವೆ. ಬಣ್ಣ ತಿರುಗಿ ಇನ್ನೂ ಗಟ್ಟಿಯಾಗಿರುವುದು ‘ಖಲಾಲ್’, ಮೃದುವಾಗಿ ರಸ ತುಂಬಿದ್ದು ‘ರುತಬ್’, ಒಣಗಿ ದಾಸ್ತಾನಿಗೆ ಯೋಗ್ಯವಾದದ್ದು ‘ತಮರ್’. ಬೇಸಿಗೆಯಲ್ಲಿ ಹೋದವರಿಗೆ ತಾಜಾ ರುತಬ್ ಸವಿಯುವ ಅವಕಾಶವಿರುತ್ತದೆ. ಅಬುಧಾಬಿ ಸಂಸ್ಥಾನದ ಲಿವಾ ಎಂಬಲ್ಲಿ ಖರ್ಜೂರದ ಉತ್ಸವವೇ ನಡೆಯುತ್ತದೆ.

ಖರ್ಜೂರದ ಪಾಕವಾದ ‘ದಿಬ್ಸ್’ ಅಲ್ಲಿನ ಅಡುಗೆಯಲ್ಲಿ ನಮ್ಮ ಜೋನಿ ಬೆಲ್ಲದ ಸ್ಥಾನದಲ್ಲಿದೆ. ಹಿಂದೆ ಖರ್ಜೂರದ ಮೂಟೆಗಳನ್ನು ಗಾಡಿ ಕೊರೆದ ನೆಲದ ಮೇಲೆ ಒಂದರ ಮೇಲೊಂದು ಪೇರಿಸಿ, ಅವುಗಳ ಭಾರಕ್ಕೆ ಸೋರುವ ರಸವನ್ನು ಕಾಲುವೆಗಳ ಮೂಲಕ ಸಂಗ್ರಹಿಸುತ್ತಿದ್ದರು. ಯಂತ್ರದ ನೆರವಿಲ್ಲದ ಈ ಸರಳ ಕ್ರಮ ಸಣ್ಣ ತಯಾರಕರ ಗಮನಕ್ಕೆ ಅರ್ಹವಾದದ್ದು.

ಮುಖ್ಯ ಊಟ

ಹರೀಸ್: ಕುಟ್ಟಿದ ಗೋಧಿಯನ್ನು ನೆನೆಸಿ, ಮಾಂಸದೊಡನೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮರದ ಹುಟ್ಟಿನಿಂದ ಚೆನ್ನಾಗಿ ಬಡಿದು ಮುದ್ದೆಯಂತೆ ಮಾಡಿ ತುಪ್ಪ ಸುರಿದು ಬಡಿಸುವ ಖಾದ್ಯ. ಉಪ್ಪಿನ ಹೊರತು ಮಸಾಲೆ ಅತ್ಯಲ್ಪ. ರಂಜಾನ್, ಈದ್ ಮತ್ತು ಮದುವೆಗಳಲ್ಲಿ ಇದು ಇರಲೇಬೇಕು. 2023ರಲ್ಲಿ ಹರೀಸ್ ಕೂಡ ಯುನೆಸ್ಕೊ ಪಟ್ಟಿಯನ್ನು ಸೇರಿತು. ಹೈದರಾಬಾದಿನ ಪ್ರಸಿದ್ಧ ಹಲೀಮ್ ಇದೇ ಹರೀಸ್‌ನ ಮಸಾಲೆಭರಿತ ಬಂಧು.

ಮಚ್ಬೂಸ್: ಮಾಂಸ, ಕೋಳಿ ಅಥವಾ ಮೀನನ್ನು ಬೇಯಿಸಿದ ಸಾರಿನಲ್ಲಿಯೇ ಅಕ್ಕಿಯನ್ನು ಬೇಯಿಸುವ ಕ್ರಮ. ನೋಟಕ್ಕೆ ಪಲಾವಿನಂತಿದ್ದರೂ ಖಾರ ಕಡಿಮೆ. ಇದಕ್ಕೆ ವಿಶಿಷ್ಟ ಹುಳಿ ಕೊಡುವುದು ‘ಲೂಮಿ’. ಚಿಕ್ಕ ನಿಂಬೆಹಣ್ಣನ್ನು ಉಪ್ಪುನೀರಿನಲ್ಲಿ ಕುದಿಸಿ ಬಿಸಿಲಿನಲ್ಲಿ ಕಪ್ಪಾಗುವವರೆಗೆ ಒಣಗಿಸಿದರೆ ಲೂಮಿ ಸಿದ್ಧವಾಗುತ್ತದೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ದಾಲ್ಚಿನ್ನಿ, ಅರಿಸಿನ, ಒಣಮೆಣಸಿನಕಾಯಿ ಸೇರಿದ ಮನೆಯ ಮಸಾಲೆಪುಡಿಯನ್ನು ‘ಬಿಜಾರ್’ ಎನ್ನುತ್ತಾರೆ. ನಮ್ಮಲ್ಲಿ ಸಾರಿನ ಪುಡಿ ಮನೆಯಿಂದ ಮನೆಗೆ ಬೇರೆಯಾಗುವಂತೆ ಬಿಜಾರ್ ಕೂಡ ಮನೆಯಿಂದ ಮನೆಗೆ ಭಿನ್ನ.

ಥರೀದ್: ಮಾಂಸ, ತರಕಾರಿಗಳ ತೆಳು ಸಾರನ್ನು ಹಪ್ಪಳದಷ್ಟು ತೆಳುವಾದ ‘ರಗಾಗ್’ ರೊಟ್ಟಿಯ ಮೇಲೆ ಸುರಿದು ನೆನೆಸಿದ ಊಟ. ಪ್ರವಾದಿಯವರಿಗೆ ಪ್ರಿಯವಾದ ಆಹಾರವೆಂಬ ಕಾರಣದಿಂದ ಇದಕ್ಕೆ ವಿಶೇಷ ಗೌರವವಿದೆ.

ಊಝಿ: ಇಡೀ ಕುರಿಮರಿಯನ್ನು ಬೇಯಿಸಿ ಅನ್ನದ ರಾಶಿಯ ಮೇಲಿಟ್ಟು ಗೋಡಂಬಿ, ಬಾದಾಮಿ, ದ್ರಾಕ್ಷಿಗಳಿಂದ ಅಲಂಕರಿಸಿ ತರುವ ಔತಣದ ಖಾದ್ಯ. ಇದನ್ನು ಯಾರಿಗಾದರೂ ಮಾಡಿಸಿದರೆಂದರೆ ಆ ಅತಿಥಿಯನ್ನು ದೊಡ್ಡವನೆಂದು ಪರಿಗಣಿಸಿದ್ದಾರೆಂದೇ ತಿಳಿಯಬೇಕು.

ಮೀನು: ಅಲ್ಲಿ ಹಮೂರ್ ಮತ್ತು ಕನಾದ್ ಎಂಬ ಮೀನುಗಳಿಗೆ ಬೇಡಿಕೆ ಹೆಚ್ಚು. ಕನಾದ್ ಎಂದರೆ ಮಂಗಳೂರಿನ ಅಂಜಲ್. ಉಪ್ಪಿನಲ್ಲಿ ಹಾಕಿಟ್ಟ ಮೀನಿಗೆ ‘ಮಾಲಿಹ್’ ಎಂದು ಹೆಸರು. ಶೈತ್ಯಾಗಾರಗಳಿಲ್ಲದ ಕಾಲದಲ್ಲಿ ಬೇಸಿಗೆಯನ್ನು ಕಳೆಯಲು ಇದೇ ಆಧಾರವಾಗಿತ್ತು.

ಉಪಾಹಾರ ಮತ್ತು ಸಿಹಿ

ಬೆಳಗಿನ ಉಪಾಹಾರದಲ್ಲಿ ‘ಚಬಾಬ್’ ಎಂಬ, ಏಲಕ್ಕಿ ಮತ್ತು ಕೇಸರಿ ಬೆರೆಸಿದ ದೋಸೆಯಂಥ ತಿನಿಸು, ಹುದುಗು ಬರಿಸಿದ ‘ಖಮೀರ್’ ರೊಟ್ಟಿ ಮತ್ತು ‘ಬಲಾಲೀತ್’ ಮುಖ್ಯ. ಬಲಾಲೀತ್ ಎಂದರೆ ಸಕ್ಕರೆ, ಏಲಕ್ಕಿ ಹಾಕಿದ ಸಿಹಿ ಶಾವಿಗೆಯ ಮೇಲೆ ತೆಳುವಾದ ಮೊಟ್ಟೆಯ ದೋಸೆ. ಸಿಹಿಗೂ ಮೊಟ್ಟೆಗೂ ನಂಟು ಕಲ್ಪಿಸಿರುವುದು ಮೊದಲ ಬಾರಿ ನೋಡುವವರಿಗೆ ವಿಚಿತ್ರವೆನಿಸಬಹುದು. ಆದರೆ ಶಾವಿಗೆಯನ್ನು ಬಗೆಬಗೆಯಾಗಿ ಬಳಸುವುದರಲ್ಲಿ ಭಟ್ಕಳದ ನವಾಯತರ ಅಡುಗೆಯೂ ಹಿಂದುಳಿದಿಲ್ಲ. ಅವರಲ್ಲಿ ಶಾವಿಗೆಯ ಬಿರಿಯಾನಿಯೇ ಇದೆ.

ಸಿಹಿತಿಂಡಿಗಳಲ್ಲಿ ‘ಲುಗೈಮಾತ್’ ಎಲ್ಲರಿಗೂ ಪ್ರಿಯವಾದದ್ದು. ಹುದುಗು ಬಂದ ಹಿಟ್ಟನ್ನು ಸಣ್ಣ ಉಂಡೆಗಳಾಗಿ ಎಣ್ಣೆಯಲ್ಲಿ ಬಿಟ್ಟು ಕರಿದು, ಮೇಲೆ ಖರ್ಜೂರದ ಪಾಕ ಸುರಿದು ಎಳ್ಳು ಉದುರಿಸುತ್ತಾರೆ.

ಕರಕ್, ಲಬನ್ ಮತ್ತಿತರ ಪಾನೀಯಗಳು

ಗಹ್ವಾ ಗೌರವದ ಪಾನೀಯವಾದರೆ ‘ಕರಕ್’ ದಿನನಿತ್ಯದ ಪಾನೀಯ. ಗಟ್ಟಿ ಡಿಕಾಕ್ಷನ್ನಿಗೆ ಡಬ್ಬಿಯ ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿದ ಚಹಾ ಇದು. ಭಾರತ ಮೂಲದ ಚಹಾದ ಅಂಗಡಿಗಳಿಂದ ಹರಡಿದ ಈ ಪಾನೀಯದ ಹೆಸರು ನಮ್ಮ ‘ಖಡಕ್’ ಎಂಬ ಮಾತಿನದೇ ರೂಪ. ಚಿಕ್ಕ ಚಹಾದಂಗಡಿಯ ಮುಂದೆ ದುಬಾರಿ ಕಾರುಗಳು ಸಾಲುಗಟ್ಟಿ ನಿಂತು ಕರಕ್ ತರಿಸಿಕೊಳ್ಳುವುದು ದುಬೈನಲ್ಲಿ ಸಾಮಾನ್ಯ ದೃಶ್ಯ.

‘ಲಬನ್’ ಎಂದರೆ ಮಜ್ಜಿಗೆ. ಮಾಂಸದೂಟದೊಡನೆ ತಪ್ಪದೆ ಇರುತ್ತದೆ. ಒಂಟೆಯ ಹಾಲು ಹಿಂದೆ ಮರಳುಗಾಡಿನ ಮುಖ್ಯ ಆಹಾರವಾಗಿತ್ತು. ಈಗ ಅದು ಬಾಟಲಿಗಳಲ್ಲಿ, ಐಸ್‌ಕ್ರೀಮ್ ಮತ್ತು ಚಾಕೊಲೇಟ್ ರೂಪದಲ್ಲಿಯೂ ಅಂಗಡಿಗಳಿಗೆ ಬಂದಿದೆ. ಸಾಂಪ್ರದಾಯಿಕ ಅರಬ್ ಮನೆಯ ಊಟದಲ್ಲಿ ಮದ್ಯಕ್ಕೆ ಸ್ಥಾನವಿಲ್ಲ. ಪರವಾನಗಿ ಪಡೆದ ಹೋಟೆಲುಗಳಲ್ಲಿ ಅದು ದೊರೆತರೂ ಅರಬ್ ಆತಿಥೇಯರ ಮುಂದೆ ಅದರ ಪ್ರಸ್ತಾಪವನ್ನೇ ಮಾಡದಿರುವುದು ಲೇಸು. ನೆರೆಯ ಶಾರ್ಜಾದಲ್ಲಿ ಮದ್ಯಕ್ಕೆ ನಿಷೇಧವಿದೆ.

ಸಸ್ಯಾಹಾರಿಗಳಿಗೆ ಸೂಚನೆ

ನಮ್ಮ ವ್ಯಾಪಾರಿ ಸಮುದಾಯಗಳಲ್ಲಿ ಸಸ್ಯಾಹಾರಿಗಳು ಬಹಳ. ಅವರು ತಮ್ಮ ನಿಯಮವನ್ನು ಊಟಕ್ಕೆ ಕುಳಿತ ಮೇಲೆ ಹೇಳಿದರೆ ಆತಿಥೇಯರಿಗೆ ಮುಜುಗರವಾಗುತ್ತದೆ. ಆಹ್ವಾನ ಬಂದ ದಿನವೇ ತಿಳಿಸಿದರೆ ಸಂತೋಷದಿಂದ ಬೇರೆ ಏರ್ಪಾಡು ಮಾಡುತ್ತಾರೆ. ಭಾರತೀಯರೊಡನೆ ತಲೆಮಾರುಗಳ ಒಡನಾಟವಿರುವ ಅಲ್ಲಿನ ಮನೆತನಗಳಿಗೆ ಇದು ಹೊಸ ವಿಷಯವಲ್ಲ. ಹೋಟೆಲಿನಲ್ಲಿ ಕೇವಲ ‘ಮಾಂಸ ಬೇಡ’ ಎಂದರೆ ಸಾಲದು. ಕೋಳಿ, ಮೀನುಗಳನ್ನು ಮಾಂಸವೆಂದು ಎಣಿಸದ ಬಾಣಸಿಗರಿದ್ದಾರೆ. ಬೇಳೆಯ ಸಾರಿಗೂ ಮಾಂಸದ ರಸ ಸೇರಿರಬಹುದು. ಅರಬ್ಬಿಯಲ್ಲಿ ಸಸ್ಯಾಹಾರಕ್ಕೆ ‘ನಬಾತಿ’ ಎಂಬ ಪದವಿದೆ. ಅದನ್ನು ಹೇಳಿ, ಕೋಳಿ, ಮೀನು, ಮಾಂಸದ ರಸ ಇವು ಮೂರೂ ಬೇಡವೆಂದು ವಿವರಿಸಬೇಕು.

ಖರ್ಜೂರ, ಲಬನ್, ಗಿಣ್ಣು ಹಚ್ಚಿದ ರಗಾಗ್, ದಿಬ್ಸ್‌ನೊಡನೆ ಖಮೀರ್, ಲುಗೈಮಾತ್, ಹಾಗೂ ಹಮ್ಮುಸ್, ಫಲಾಫೆಲ್, ತಬ್ಬೂಲೆಗಳಿಂದ ಸಸ್ಯಾಹಾರಿಯ ಹೊಟ್ಟೆ ತುಂಬಲು ತೊಂದರೆಯಿಲ್ಲ. ಮೊಟ್ಟೆಯನ್ನೂ ತಿನ್ನದವರು ಚಬಾಬ್, ಖಮೀರ್‌ಗಳ ಬಗ್ಗೆ ಮೊದಲೇ ವಿಚಾರಿಸಬೇಕು.

ಪಂಕ್ತಿಯ ಮರ್ಯಾದೆ

ಮಜ್ಲಿಸ್‌ನ ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಡಬೇಕು. ನೆಲದ ಮೇಲೆ ಕುಳಿತಾಗ ಅಂಗಾಲು ಇತರರ ಕಡೆ ತಿರುಗಿರಬಾರದು. ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕುಳಿತು ಉಣ್ಣುವಾಗ ಬಲಗೈಯನ್ನೇ ಬಳಸಿ, ತಮ್ಮ ಎದುರಿನ ಭಾಗದಿಂದಷ್ಟೇ ತೆಗೆದುಕೊಳ್ಳಬೇಕು. ಕೈಯಲ್ಲಿ ಉಣ್ಣುವ ಅಭ್ಯಾಸವಿರುವ ನಮ್ಮವರಿಗೆ ಇದು ಕಷ್ಟವಲ್ಲ. ಆತಿಥೇಯನು ಒಳ್ಳೆಯ ತುಂಡುಗಳನ್ನು ತಾನೇ ಆರಿಸಿ ಅತಿಥಿಯ ಮುಂದಿಡುತ್ತಾನೆ. ಅದನ್ನು ಸ್ವೀಕರಿಸುವುದು ಸೌಜನ್ಯ. ತಟ್ಟೆಯಲ್ಲಿ ಆಹಾರ ಉಳಿಯುವಷ್ಟು ಮಾಡಿಸುವುದು ಅಲ್ಲಿನ ವಾಡಿಕೆಯಾದ್ದರಿಂದ ಮುಗಿಸಲೇಬೇಕೆಂಬ ಹಟ ಬೇಡ.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ, ಕಚೇರಿಯಲ್ಲಿ ಇತರರ ಎದುರು ತಿನ್ನುವುದು, ಕುಡಿಯುವುದು, ಧೂಮಪಾನ ಮಾಡುವುದು ಸಲ್ಲದು. ಕಚೇರಿಯ ವೇಳೆಯೂ ಕಡಿಮೆಯಿರುತ್ತದೆ. ಆದರೆ ಸಂಜೆಯ ಇಫ್ತಾರ್‌ಗೆ ಆಹ್ವಾನ ದೊರೆತರೆ ಅದನ್ನು ತಪ್ಪಿಸಿಕೊಳ್ಳಬಾರದು. ಖರ್ಜೂರ ಮತ್ತು ನೀರಿನಿಂದ ಉಪವಾಸ ಮುರಿಯುವ ಆ ಹೊತ್ತಿನಲ್ಲಿ ಬೆಳೆಯುವ ಪರಿಚಯ ಹತ್ತು ಭೇಟಿಗಳಿಗೆ ಸಮ. ಆ ತಿಂಗಳಲ್ಲಿ ಕೊಲ್ಲಿಯ ಮನೆಮನೆಗಳಲ್ಲಿ ಕಾಣುವ ವಿಮ್ಟೊ ಎಂಬ ಹಣ್ಣಿನ ಪಾನಕವು 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ್ದು. ಪರದೇಶದ ಸರಕೊಂದು ಸ್ಥಳೀಯ ಹಬ್ಬದ ಅಗತ್ಯವನ್ನು ಅರಿತು ನಿಂತರೆ ಸಂಪ್ರದಾಯದ ಭಾಗವೇ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಎಲ್ಲಿ ನೋಡಬಹುದು, ಎಲ್ಲಿ ಸವಿಯಬಹುದು

ಬರ್ ದುಬೈ ಭಾಗದ ಅಲ್ ಫಹೀದಿ ಎಂಬ ಹಳೆಯ ಬಡಾವಣೆಯಲ್ಲಿ, 1998ರಲ್ಲಿ ಸ್ಥಾಪನೆಗೊಂಡ ಶೇಖ್ ಮೊಹಮ್ಮದ್ ಸಾಂಸ್ಕೃತಿಕ ಪರಿಚಯ ಕೇಂದ್ರವಿದೆ. ಗಾಳಿಗೋಪುರವುಳ್ಳ ಹಳೆಯ ಮನೆಯಲ್ಲಿ ಸ್ಥಳೀಯರೊಡನೆ ಕುಳಿತು ಉಂಡು, ಅವರ ರೀತಿನೀತಿಗಳ ಬಗ್ಗೆ ಸಂಕೋಚವಿಲ್ಲದೆ ಪ್ರಶ್ನೆ ಕೇಳಲು ಅಲ್ಲಿ ಅವಕಾಶವಿದೆ. ಮುಂಚಿತವಾಗಿ ಸ್ಥಳ ಕಾದಿರಿಸಬೇಕು. ಮುಖ್ಯ ಭೇಟಿಗೆ ಮೊದಲು ಇಲ್ಲೊಂದು ಊಟ ಮಾಡಿದವರಿಗೆ ಮಜ್ಲಿಸ್‌ನಲ್ಲಿ ಗೊಂದಲವಾಗುವುದಿಲ್ಲ. ಅದೇ ಬಡಾವಣೆಯಲ್ಲಿ ಕಾಫಿಯ ವಸ್ತುಸಂಗ್ರಹಾಲಯವೂ ಇದೆ. ಅಲ್ಲಿಂದ ‘ಅಬ್ರಾ’ ದೋಣಿಯಲ್ಲಿ ಖಾರಿಯನ್ನು ದಾಟಿದರೆ ದೇರಾದ ಸಾಂಬಾರ ಪೇಟೆ. ಲೂಮಿ, ಕೇಸರಿ, ಏಲಕ್ಕಿಗಳ ದರ್ಜೆ ಮತ್ತು ಚಿಲ್ಲರೆ ದರಗಳನ್ನು ಕಣ್ಣಾರೆ ನೋಡಲು ಇದು ತಕ್ಕ ಸ್ಥಳ. ಮೀನು ಮತ್ತು ಖರ್ಜೂರದ ವ್ಯಾಪಾರವನ್ನು ನೋಡಬಯಸುವವರು 2017ರಲ್ಲಿ ತೆರೆದ ದೇರಾದ ವಾಟರ್‌ಫ್ರಂಟ್ ಮಾರುಕಟ್ಟೆಗೆ ಹೋಗಬಹುದು.

ತಯಾರಕರು ಗಮನಿಸಬೇಕಾದ ಅಂಶಗಳು

ಮೇಲಿನ ವಿವರಗಳಿಂದ ವ್ಯಾಪಾರಕ್ಕೆ ಅನ್ವಯಿಸುವ ಕೆಲವು ಸಂಗತಿಗಳು ಹೊರಪಡುತ್ತವೆ. ಮೊದಲನೆಯದು ಏಲಕ್ಕಿಯದು. ಗಹ್ವಾ, ಕರಕ್, ಚಬಾಬ್, ಬಲಾಲೀತ್ ಎಲ್ಲದರಲ್ಲೂ ಏಲಕ್ಕಿಯಿದೆ. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದು ಬೆಳೆಯುತ್ತದೆ. ಆದರೆ ಕೊಲ್ಲಿಯ ಮಾರುಕಟ್ಟೆಯಲ್ಲಿ ಗ್ವಾಟೆಮಾಲಾ ದೇಶದ ಏಲಕ್ಕಿ ಪ್ರಬಲ ಪ್ರತಿಸ್ಪರ್ಧಿ. ಗಹ್ವಾಕ್ಕೆ ಅಲ್ಲಿನವರು ಹಸಿರು ಮಾಸದ, ದಪ್ಪ ಕಾಯನ್ನೇ ಬಯಸುತ್ತಾರೆಂಬುದನ್ನು ಅರಿತು ಒಣಗಿಸುವಿಕೆ ಮತ್ತು ವಿಂಗಡಣೆಯಲ್ಲಿ ಎಚ್ಚರ ವಹಿಸಿದವರಿಗೆ ಮಾತ್ರ ಅಲ್ಲಿ ಸ್ಥಾನ.

ಎರಡನೆಯದು ಲೇಬಲ್‌ನದು. ಆಹಾರ ಪದಾರ್ಥಗಳ ಪೊಟ್ಟಣದ ಮೇಲೆ ಅರಬ್ಬಿ ಭಾಷೆಯಲ್ಲಿ ವಿವರ ಹಾಗೂ ತಯಾರಿಕೆಯ ಮತ್ತು ಬಳಕೆಯ ಅವಧಿಯ ದಿನಾಂಕಗಳಿರುವುದು ಅಗತ್ಯ. ದುಬೈ ಪೌರಸಂಸ್ಥೆಯಲ್ಲಿ ಉತ್ಪನ್ನದ ನೋಂದಣಿಯೂ ಆಗಬೇಕು. ಈ ಕಾರ್ಯವನ್ನು ಸಾಮಾನ್ಯವಾಗಿ ಅಲ್ಲಿನ ಆಮದುದಾರರೇ ಮಾಡಿಸುತ್ತಾರಾದರೂ ತಯಾರಕರು ಅದಕ್ಕೆ ಬೇಕಾದ ಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಗಸಗಸೆಯು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ ವಸ್ತು. ಮನೆಯಲ್ಲಿ ಮಾಡಿದ ಮಸಾಲೆಪುಡಿ, ಸಿಹಿತಿಂಡಿಗಳಲ್ಲಿ ಅದರ ಕಾಳುಗಳಿದ್ದರೂ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೆ ಗುರಿಯಾಗಬೇಕಾದೀತು. ಮಾದರಿ ಪೊಟ್ಟಣಗಳನ್ನಾಗಲಿ ಉಡುಗೊರೆಯನ್ನಾಗಲಿ ಒಯ್ಯುವವರು ಅದರಲ್ಲಿ ಗಸಗಸೆ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಆತಿಥೇಯರಿಗೆ ಉಡುಗೊರೆಯಾಗಿ ಮೈಸೂರು ಪಾಕ್, ಧಾರವಾಡ ಪೇಢೆ ಅಥವಾ ಉತ್ತಮ ದರ್ಜೆಯ ಏಲಕ್ಕಿ ಸೂಕ್ತ; ಮದ್ಯ ಅಥವಾ ಪ್ರಾಣಿಜನ್ಯ ಜೆಲಟಿನ್ ಬೆರೆತ ತಿನಿಸುಗಳು ಸಲ್ಲವು.

ಕೊನೆಯದಾಗಿ, ಎಷ್ಟು ಹೊತ್ತು ಕೂರಬೇಕೆಂಬ ಪ್ರಶ್ನೆ. ಊಟ ಮುಗಿದು ಗಹ್ವಾ ಮತ್ತೊಮ್ಮೆ ಬಂದ ಬಳಿಕ ಧೂಪದ ಪಾತ್ರೆಯಲ್ಲಿ ಊದ್ ಎಂಬ ಸುಗಂಧದ ಮರದ ಚೂರುಗಳನ್ನು ಸುಟ್ಟು ಅತಿಥಿಗಳ ಮುಂದೆ ಹಿಡಿಯುತ್ತಾರೆ. ಹೊಗೆಯನ್ನು ಕೈಯಿಂದ ಬಟ್ಟೆಯತ್ತ ಸೆಳೆದುಕೊಂಡು ಧನ್ಯವಾದ ಹೇಳಿ ಏಳಬೇಕು. ಊದ್ ಬಂದ ಮೇಲೆ ಕೂರುವುದಿಲ್ಲವೆಂಬುದು ಅಲ್ಲಿನ ಗಾದೆ. ಆಗ ದರದ ಮಾತನ್ನು ಮತ್ತೆ ತೆಗೆಯುವವನು ಅಲ್ಲಿಯವರೆಗೆ ಗಳಿಸಿದ್ದನ್ನು ಕಳೆದುಕೊಳ್ಳುತ್ತಾನೆ. ಎದ್ದು ಹೊರಟವನನ್ನು ಆತಿಥೇಯರು ಮರುದಿನ ಕಚೇರಿಗೆ ಕರೆಯುತ್ತಾರೆ.